ಎಲ್ಲರೂ ಸೌಖ್ಯ ಎಂದ ಫಾರಂಗಳು

ಇಪ್ಪತ್ತಾರು ಜನ ಗಂಡುಹುಡುಗರಿಗೆ ಪ್ರತಿ ತಿಂಗಳೂ ಮುಟ್ಟು ಸರಿಯಾಗಿ ಆಗುತ್ತಿದೆ, ಹೊಟ್ಟೆನೋವಿಲ್ಲ, ಹೆಚ್ಚು ಸ್ರಾವವಿಲ್ಲ. ಹೀಗೆಂದು ನನ್ನ ಮುಂದಿದ್ದ ಫಾರಂಗಳು ಹೇಳುತ್ತಿದ್ದವು. ಭಾನುವಾರ ಮಧ್ಯಾಹ್ನ, ನಂಜನಗೂಡಿನ ನನ್ನ ಬಾಡಿಗೆ ಕೋಣೆಯಲ್ಲಿ ಊಟ ಮುಗಿಸಿ ಕಟ್ಟು ಬಿಚ್ಚಿ ಕೂತಿದ್ದೆ. ಮೊದಲನೆಯದನ್ನು ನೋಡಿ ನಕ್ಕೆ. ಐದನೆಯದಕ್ಕೆ ನಗು ನಿಂತಿತು. ಹತ್ತನೆಯದಕ್ಕೆ ಮೈ ಉರಿಯತೊಡಗಿತು.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ನಂಜನಗೂಡಿನಲ್ಲಿ ಒಂದು, ಟಿ. ನರಸೀಪುರದಲ್ಲಿ ಒಂದು, ಹೀಗೆ ಎರಡು ಪದವಿ ಕಾಲೇಜುಗಳ ಕೊನೆಯ ವರ್ಷದ ಮಕ್ಕಳ ಆರೋಗ್ಯ ಅಳೆಯಬೇಕಿತ್ತು. ಎತ್ತರ, ತೂಕ, ರಕ್ತದೊತ್ತಡ, ಬೆರಳು ಚುಚ್ಚಿ ಹಿಮೋಗ್ಲೋಬಿನ್. ಜೊತೆಗೆ ಮನಸ್ಸು ಹೇಗಿದೆ, ನಿದ್ದೆ ಹೇಗಿದೆ, ಸುಸ್ತಾಗುತ್ತದೆಯೇ ಎಂದು ಕೇಳುವ ಎರಡು ಪುಟದ ಫಾರಂ. ಹಣ ಕೊಡುತ್ತಿದ್ದುದು ಒಂದು ಟ್ರಸ್ಟು. ಅಗತ್ಯವಿದೆ ಎಂದು ನಮ್ಮ ವರದಿ ತೋರಿಸಿಕೊಟ್ಟ ಕಾಲೇಜಿಗೆ ಅವರು ಒಂದು ಆರೋಗ್ಯ ಕೊಠಡಿ ಕೊಡುತ್ತಿದ್ದರು. ವಾರಕ್ಕೆ ಮೂರು ದಿನ ನರ್ಸು, ಒಂದು ದಿನ ಆಪ್ತ ಸಮಾಲೋಚಕಿ, ಮಂಚ, ಮಾತ್ರೆ, ರಕ್ತಪರೀಕ್ಷೆ. ಅಗತ್ಯ ಕಾಣದಿದ್ದರೆ ಏನೂ ಇಲ್ಲ. ಒಂದು ಊರಿನ ಕಾಲೇಜಿನದು ನಾನೇ ಕೂತು ಮಾಡಿಸಿದ್ದೆ, ಅಲ್ಲಿಗೆ ಕೊಠಡಿ ಮಂಜೂರಾಗುವುದು ಖಾತ್ರಿಯಾಗಿತ್ತು. ಈ ಕತೆ ಇನ್ನೊಂದು ಊರಿನದು. ಅದು ಯಾವುದೆಂದು ಬರೆಯುವುದಿಲ್ಲ. ಯಾಕೆ ಬರೆಯುವುದಿಲ್ಲ ಎಂಬುದು ಓದುತ್ತಾ ಹೋದರೆ ತಿಳಿಯುತ್ತದೆ.

ತಪ್ಪು ನನ್ನದೂ ಹೌದು. ಮೊದಲ ಕಾಲೇಜಿನ ತೂಕದ ಕೆಲಸ ಎರಡು ದಿನ ಜಾಸ್ತಿ ಹಿಡಿಯಿತು. ನೆಲ ಸಮವಾಗಿಲ್ಲದೆ ತೂಕದ ಯಂತ್ರ ಒಬ್ಬನನ್ನೇ ಮೂರು ಸಲ ಮೂರು ತರಹ ತೂಗಿತ್ತು. ಆ ಗಡಿಬಿಡಿಯಲ್ಲಿ ಎರಡನೆಯ ಕಾಲೇಜಿಗೆ ಫಾರಂಗಳ ಕಟ್ಟನ್ನು ಮುಂಚೆಯೇ ಕಳಿಸಿ, ‘ತುಂಬಿಸಿ ಇಡಿ ಸಾರ್, ಸೋಮವಾರ ಬಂದು ಅಳತೆ ಮಾಡುತ್ತೇವೆ’ ಎಂದು ಪ್ರಾಂಶುಪಾಲರಿಗೆ ಫೋನಿನಲ್ಲಿ ಹೇಳಿದ್ದೆ. ಅವರು ಶನಿವಾರವೇ ತುಂಬಿಸಿ, ಕಟ್ಟಿ, ಮೇಲೆ ‘ಪರಿಶೀಲಿಸಲಾಗಿದೆ’ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸಿಕೊಟ್ಟಿದ್ದರು. ಎಂಥ ಚುರುಕು ಜನ ಎಂದು ನಾನು ಹೊಗಳಿಯೂ ಇದ್ದೆ.

ಅರವತ್ತೊಂದು ಫಾರಂ. ಅರವತ್ತೊಂದರಲ್ಲೂ ಹನ್ನೆರಡು ಹೇಳಿಕೆಗಳಿಗೆ ಅವೇ ಹನ್ನೆರಡು ಉತ್ತರ. ಸಂತೋಷವಾಗಿದ್ದೇನೆ ಎಂಬಲ್ಲಿ ‘ಯಾವಾಗಲೂ’. ಅಳು ಬರುತ್ತದೆ ಎಂಬಲ್ಲಿ ‘ಎಂದೂ ಇಲ್ಲ’. ಒಂಬತ್ತನೆಯದು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂಬುದು. ಅದರಲ್ಲಿ ಮೊದಲು ‘ಆಗಾಗ’ ಎಂಬುದಕ್ಕೆ ಗುರುತು ಹಾಕಿ, ಅದನ್ನು ಹೊಡೆದುಹಾಕಿ, ಪಕ್ಕದ ‘ಎಂದೂ ಇಲ್ಲ’ಕ್ಕೆ ಗುರುತು. ಆ ಹೊಡೆದುಹಾಕಿದ್ದನ್ನೂ ಅರವತ್ತೊಂದು ಜನ ಹಾಗೆಹಾಗೇ ನಕಲು ಮಾಡಿದ್ದರು! ಕೊನೆಯ ಭಾಗದ ಮೇಲೆ ‘ವಿದ್ಯಾರ್ಥಿನಿಯರಿಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಯಾವ ಗಂಡುಮಗನೂ ಓದಿರಲಿಲ್ಲ.

ಮೈಸೂರಿನಲ್ಲಿದ್ದ ನಮ್ಮ ಸಂಯೋಜಕರಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪ್ ಮುಂದೆ ಕೂತು ಜಿಲ್ಲೆ ನೋಡಿಕೊಳ್ಳುವ ಮನುಷ್ಯ, ಕೆಟ್ಟವರಲ್ಲ, ಆದರೆ ತಾರೀಖಿಗೆ ಹೆದರುತ್ತಾರೆ.

“ಹುಡುಗರ ಆ ಸೆಕ್ಷನ್ ಡಿಲೀಟ್ ಮಾಡಿ ಮೇಡಂ. ಉಳಿದದ್ದು ಎಂಟ್ರಿ ಮಾಡಿಸಿ. ಗುರುವಾರ ನಾನೇ ಬಂದು ತಗೊಂಡು ಹೋಗ್ತೀನಿ.”

“ಉಳಿದದ್ದು ಮಾತ್ರ ನಿಜ ಅಂತ ಹೇಗೆ ಹೇಳ್ತೀರಿ ಸಾರ್? ಅರವತ್ತೊಂದು ಜನಕ್ಕೆ ಒಂದೇ ಮನಸ್ಸು ಇರುತ್ತಾ?”

“ಡೇಟಾ ಕ್ಲೀನ್ ಮಾಡೋದು ಅಂದ್ರೆ ಇದೇ ಅಲ್ವಾ?”

“ಕ್ಲೀನ್ ಮಾಡೋದು ಬೇರೆ, ಸುಳ್ಳಿಗೆ ಸ್ನಾನ ಮಾಡಿಸೋದು ಬೇರೆ,” ಎಂದು ಫೋನ್ ಇಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದರಿಂದ ಕೆಟ್ಟಿದ್ದೂ ಉಂಟು, ಉಳಿದಿದ್ದೂ ಉಂಟು.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೋದೆವು. ನಾವು ಎಂದರೆ ನಾನು ಮತ್ತು ನಮ್ಮ ಲ್ಯಾಬ್ ಟೆಕ್ನಿಷಿಯನ್. ಕಳಲೆ ಊರಿನವರು, ಐವತ್ತು ದಾಟಿದವರು, ಸಾವಿರಾರು ಬೆರಳು ಚುಚ್ಚಿದ ಕೈ. ದಾರಿಯಲ್ಲಿ ಬಸ್ಸಿನಲ್ಲಿ ಅವರಿಗೆ ಸಂಯೋಜಕರು ಹೇಳಿದ್ದನ್ನು ಹೇಳಿ ಫಾರಂ ತೋರಿಸಿದೆ. ಕನ್ನಡಕ ಏರಿಸಿ ಓದಿ, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕರು.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತಲ್ಲ ಮೇಡಂ, ನಮ್ ಸಂಯೋಜಕ್ರು ಕತೆ!”

ಅಳತೆಗೆ ಕೊಟ್ಟಿದ್ದು ಎರಡನೆಯ ಮಹಡಿಯ ಒಂದು ತರಗತಿ. ಮಕ್ಕಳು ಓಡಿಕೊಂಡು ಮೆಟ್ಟಿಲು ಹತ್ತಿ ಬಂದು ಹಾಗೇ ತೋಳು ಚಾಚುತ್ತಿದ್ದರು. ಮೊದಲ ಆರು ಜನರ ರಕ್ತದೊತ್ತಡವೂ ಜಾಸ್ತಿ ಬಂತು. ನಿಯಮದ ಪ್ರಕಾರ ತೋಳಿಗೆ ಪಟ್ಟಿ ಕಟ್ಟುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ, ಕೈ ಮೇಜಿನ ಮೇಲಿಟ್ಟು. ಆರನ್ನೂ ಹೊಡೆದುಹಾಕಿ, ನನ್ನ ಪಕ್ಕ ಒಂದು ಕುರ್ಚಿ ಹಾಕಿಸಿ, ಗಡಿಯಾರ ಎದುರಿಗಿಟ್ಟೆ.

ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಅಂಕದಲ್ಲಿ ತರಗತಿಗೇ ಮೊದಲು ಬರುವವಳಂತೆ, ತರಗತಿಯ ಪ್ರತಿನಿಧಿಯೂ ಅವಳೇ. ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ಸುಧಾರಿಸಿಕೊಂಡು ಒಳಗೆ ಬಂದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಸುಣ್ಣದ ಗೋಡೆಯ ಬಿಳುಪು. ಟೆಕ್ನಿಷಿಯನ್ ಬೆರಳು ಚುಚ್ಚಿ, ಮೊದಲ ಹನಿ ಒರೆಸಿ, ಎರಡನೆಯದನ್ನು ಪರೀಕ್ಷೆಯ ಪಟ್ಟಿಗೆ ತೆಗೆದುಕೊಂಡರು. ಯಂತ್ರದಲ್ಲಿ ಹಿಮೋಗ್ಲೋಬಿನ್ 5.8 ಬಂತು. ಅವರು ಏನೂ ಹೇಳದೆ ಹೊಸ ಪಟ್ಟಿ ಹಾಕಿ, ಇನ್ನೊಂದು ಕೈಯ ಬೆರಳು ಚುಚ್ಚಿದರು. 5.7. ಹನ್ನೆರಡಾದರೂ ಇರಬೇಕಾದ್ದು. ಆ ರಕ್ತ ಇಟ್ಟುಕೊಂಡು ಈ ಹುಡುಗಿ ಎರಡು ಮಹಡಿ ಹತ್ತಿ ಬಂದಿದ್ದಳು.

ಅವಳ ಫಾರಂ ತೆಗೆದೆ. ಒಂಬತ್ತನೆಯ ಹೇಳಿಕೆಯಲ್ಲಿ ಹೊಡೆದುಹಾಕಿದ ಗುರುತು ಪೆನ್ನು ಒತ್ತಿ ಕಾಗದ ಹರಿಯುವಷ್ಟು ಆಳವಾಗಿತ್ತು. ಉಳಿದ ಅರವತ್ತರಲ್ಲಿ ಅದು ತೆಳ್ಳಗೆ ಎಳೆದ ಗೆರೆ. ಮೂಲ ಪ್ರತಿ ಯಾವುದೆಂದು ಗೊತ್ತಾಯಿತು.

“ನೋಡಮ್ಮ, ಐದು ನಿಮಿಷ ಇಲ್ಲಿ ಕೂತ್ಕೊ. ಮಾತಾಡ್ಬೇಡ,” ಎಂದೆ. ಒಂದು ನಿಮಿಷ ಅವಳು ಸುಮ್ಮನಿದ್ದಳು. ಆಮೇಲೆ ಅವಳೇ ಶುರು ಮಾಡಿದಳು. ಸುಮ್ಮನೆ ಕೂರಿಸಿ ಪಕ್ಕದಲ್ಲಿ ಕೂತರೆ ಜನ ಮಾತಾಡುತ್ತಾರೆ, ಅದು ಆವತ್ತು ನನಗೆ ಹೊಳೆಯಿತು.

“ಮೇಡಂ, ನಾನೇ ಎಲ್ಲಾರ್ಗೂ ತೋರ್ಸಿದ್ದು. ಪ್ರಿನ್ಸಿಪಾಲ್ರು ಇಂಟರ್ನಲ್ಸ್ ಪರೀಕ್ಷೆ ತರ ಕೂರ್ಸಿದ್ರು, ಟೈಮ್ ಇಟ್ರು. ಕಾಲೇಜ್ ಮರ್ವಾದೆ ಪ್ರಶ್ನೆ, ಒಳ್ಳೇ ಉತ್ರ ಬರೀರಿ ಅಂದ್ರು. ಅಳು, ಏದುಸಿರು ಅಂತ ಉಲ್ಟಾ ಕೇಳೋ ಪ್ರಶ್ನೆ ಯಾವ್ದು ಅಂತ ನಂಗೆ ಗೊತ್ತಾಯ್ತು. ಅವ್ಕೆಲ್ಲ ‘ಎಂದೂ ಇಲ್ಲ’ ಆಕ್ದೆ. ಫುಲ್ ಮಾರ್ಕ್ಸ್ ಬರ್ಲಿ ಅಂತ.”

“ಒಂಬತ್ತನೇದು ಮೊದ್ಲು ಸರಿಯಾಗೇ ಬರೆದಿದ್ದೆಯಲ್ಲ?”

ತಲೆ ತಗ್ಗಿಸಿದಳು. “ಕೈ ತಪ್ಪಿ ನಿಜ ಬರ್ದ್ಬುಟ್ಟೆ ಮೇಡಂ.”

ಫಾರಂ ಬದಿಗಿಟ್ಟೆ. ಮುಟ್ಟಿನ ವಿಷಯ ಕೇಳಿದೆ. ಬಂದರೆ ಒಂಬತ್ತು ದಿನ, ಹತ್ತು ದಿನ. ಬಟ್ಟೆಯ ಮೇಲೆ ಬಟ್ಟೆ. ಎರಡು ವರ್ಷದಿಂದ ಹೀಗೇ. ನಮ್ಮ ಮನೆಯ ಹೆಂಗಸರಿಗೆಲ್ಲ ಹಾಗೇ ಎಂದು ಅವ್ವ ಹೇಳಿದ್ದಳಂತೆ. ಬೆಳಿಗ್ಗೆ ಆರೂಮುಕ್ಕಾಲಿನ ಬಸ್ಸು ತಪ್ಪಿದರೆ ಇನ್ನೊಂದಿಲ್ಲ, ಹಾಗಾಗಿ ತಿಂಡಿಯೂ ಇಲ್ಲ. ತರಗತಿಗೆಲ್ಲ ‘ನಿಯಮಿತ, ತೊಂದರೆ ಇಲ್ಲ’ ಎಂದು ಬರೆಸಿದವಳು ಈ ಹುಡುಗಿ. ಇವಳ ಸುಳ್ಳನ್ನೇ ಆ ಇಪ್ಪತ್ತಾರು ಕತ್ತೆಗಳು ನಕಲು ಮಾಡಿದ್ದವು.

“ಇವತ್ತೇ ಆಸ್ಪತ್ರೆಗೆ ನಡಿ. ನಿಮ್ಮಪ್ಪನ ನಂಬರ್ ಕೊಡು.”

“ಬ್ಯಾಡಿ ಮೇಡಂ, ದಮ್ಮಯ್ಯ! ಕಾಯ್ಲೆ ಅಂತ ಗೊತ್ತಾದ್ರೆ ಕಾಲೇಜ್ ಬುಡಿಸ್ಬುಡ್ತಾರೆ. ಇನ್ನೊಂದ್ ಸೆಮಿಸ್ಟರ್ ಅಷ್ಟೇ ಇರಾದು.”

“ಬದುಕಿದ್ದರೆ ತಾನೇ ಸೆಮಿಸ್ಟರು?” ಎಂದು ಗದರಿದೆ. ಗದರಬಾರದಿತ್ತು. ಅವಳು ಅಳುತ್ತಲೇ ನಂಬರ್ ಹೇಳಿದಳು. ಅಪ್ಪ ಗಾರೆ ಕೆಲಸದವರು, ಕಟ್ಟುತ್ತಿದ್ದ ಗೋಡೆ ಬಿಟ್ಟು ಬಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ರಕ್ತ ಹಾಕಬೇಕೆಂದು ಅವತ್ತೇ ಮೈಸೂರಿಗೆ ಕಳಿಸಿದರು.

ಮಧ್ಯಾಹ್ನ ನೇರವಾಗಿ ಪ್ರಾಂಶುಪಾಲರ ಕೊಠಡಿಗೆ ಹೋದೆ.

“ಈ ಫಾರಂಗಳು ನನಗೆ ಬೇಡ ಸಾರ್. ಎರಡು ದಿನ ಕೊಡಿ, ಮತ್ತೆ ನಾನೇ ಒಬ್ಬೊಬ್ಬರನ್ನೂ ಕೂರಿಸಿ ಕೇಳ್ತೀನಿ.”

“ಅದಾಗಲೇ ಪರಿಶೀಲನೆ ಮಾಡಿ ಕಳಿಸಿದ್ದೀವಲ್ಲಮ್ಮ.”

ನಾನು ಒಬ್ಬ ಹುಡುಗನ ಫಾರಂ ಅವರ ಮುಂದಿಟ್ಟೆ. “ಈ ಹುಡುಗನಿಗೆ ಮುಟ್ಟು ಸರಿಯಾಗಿ ಆಗ್ತಿದೆಯಂತೆ ಸಾರ್. ನೀವೇ ಪರಿಶೀಲಿಸಿದ್ದೀರಿ.”

ಅವರ ಮುಖ ಕೆಂಪಾಯಿತು. ಬೆಲ್ಲು ಒತ್ತಲು ಹೋದ ಕೈ ಅಲ್ಲೇ ನಿಂತಿತು. ಆಮೇಲೆ ಅವರು ಫಾರಂ ಮಗುಚಿಟ್ಟು ಹೇಳಿದರು.

“ನೀವು ಅಳತೆ ಮಾಡ್ಕೊಂಡು ಹೋಗ್ಬಿಡ್ತೀರಿ. ಕಾಲೇಜಿಗೆ ದರ್ಜೆ ಕೊಡೋ ಮಾನ್ಯತೆ ಸಮಿತಿ ಬರೋದು ನನ್ನ ಹತ್ತಿರ, ಅದಿರಲಿ. ಈ ಕಾಲೇಜಿನ ಹೆಣ್ಣುಮಕ್ಕಳಿಗೆ ರಕ್ತ ಇಲ್ಲ, ಮನಸ್ಸು ಸರಿಯಿಲ್ಲ ಅಂತ ಒಂದು ವರದಿ ಬಂತು ಅನ್ನಿ. ನಾಳೆ ಹಳ್ಳಿಹಳ್ಳಿಯಿಂದ ಅಪ್ಪಂದಿರು ಬರ್ತಾರೆ, ಟಿ.ಸಿ. ಕೊಡಿ ಅಂತ. ಗಂಡು ಸಿಗೋದಿಲ್ಲ ಅಂತ ಹೆದರ್ತಾರೆ. ಇಂಥಾದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ ಕಣಮ್ಮ.”

ಅವರು ನಾಟಕವಾಡುತ್ತಿರಲಿಲ್ಲ. ಇದೇ ಭಯವನ್ನು ಎರಡು ಗಂಟೆ ಮುಂಚೆ ಆ ಹುಡುಗಿಯ ಬಾಯಲ್ಲೂ ಕೇಳಿದ್ದೆ. ಆದರೆ ಆ ಭಯಕ್ಕೆ ಬಗ್ಗಿದರೆ ಆಗುವುದೇನು? ನರ್ಸು ಬರುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬಳು ಚೌಕಟ್ಟು ಹಿಡಿದು ನಿಲ್ಲುತ್ತಾಳೆ, ಅವಳ ಬೆರಳು ಚುಚ್ಚಲು ಯಾರೂ ಇರುವುದಿಲ್ಲ.

“ಹೆಸರು ಬರೆಯೋದಿಲ್ಲ ಸಾರ್. ರೋಲ್ ನಂಬರೂ ಇಲ್ಲ. ಚೀಟಿ ಎತ್ತಿಸ್ತೀನಿ, ಚೀಟಿಯ ನಂಬರ್ ಮಾತ್ರ ಫಾರಂ ಮೇಲೆ. ಆಮೇಲೆ ಯಾರದು ಯಾವುದು ಅಂತ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.”

“ನಾನು ಒಪ್ಪಿಗೆ ಕೊಡದಿದ್ರೆ?”

“ಬಸ್ ಸ್ಟ್ಯಾಂಡಿನಲ್ಲಿ ಕೂರ್ತೀನಿ. ನಿಮ್ಮ ಮಕ್ಕಳೆಲ್ಲ ಅಲ್ಲಿಗೇ ಬರಬೇಕಲ್ಲ.”

ಹೇಳಿದ ಮೇಲೆ ನನಗೇ ಅಯ್ಯೋ ಅನ್ನಿಸಿತು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ರಕ್ತದೊತ್ತಡ ನೋಡುತ್ತಾರೆಯೇ? ಆದರೆ ಅವರು ನಂಬಿದರು. ಕೆಳಗಿನ ಮಹಡಿಯ ಕ್ರೀಡಾ ಸಾಮಗ್ರಿಯ ಕೋಣೆ ಕೊಟ್ಟರು.

ಅವತ್ತು ಸಂಜೆಯೇ ಹಳೆಯ ಕಟ್ಟಿನ ಮೇಲೆ, ಅವರ ‘ಪರಿಶೀಲಿಸಲಾಗಿದೆ’ಯ ಪಕ್ಕದಲ್ಲೇ, ಕೆಂಪು ಶಾಯಿಯಲ್ಲಿ ‘ಅಸಿಂಧು’ ಎಂದು ಬರೆದು ನನ್ನ ಸಹಿ ಹಾಕಿದೆ. ಅದರ ಫೋಟೋ ತೆಗೆದು ಸಂಯೋಜಕರಿಗೆ ಕಳಿಸಿದೆ. ‘ಇದನ್ನು ಮಾಡಲು ನಿಮಗೆ ಅಧಿಕಾರವಿಲ್ಲ’ ಎಂದು ಉತ್ತರ ಬಂತು. ಅಧಿಕಾರ ಇರಲಿಲ್ಲ, ನಿಜ. ಹನ್ನೊಂದು ತಿಂಗಳ ಕರಾರಿನವಳಿಗೆ ಎಂಥ ಅಧಿಕಾರ? ಆ ಕರಾರು ಮತ್ತೆ ನವೀಕರಣವಾಗಲಿಲ್ಲ, ಅದನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಆ ಕೆಂಪು ಶಾಯಿಯ ಬಗ್ಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಮಂಗಳವಾರ ಬೆಳಿಗ್ಗೆ ವಾಲಿಬಾಲ್ ನೆಟ್ಟಿನ ಮೇಲೆ ನನ್ನ ಹಾಸಿಗೆಯ ಬೆಡ್‌ಶೀಟ್ ಹೊದಿಸಿ ಪರದೆ ಮಾಡಿದೆವು. ಒಬ್ಬರು ಒಳಗೆ ಬಂದು, ಡಬ್ಬಿಯಿಂದ ಚೀಟಿ ಎತ್ತಿ, ಕುರ್ಚಿಯಲ್ಲಿ ಐದು ನಿಮಿಷ ಕೂರಬೇಕು. ಮೊದಲ ಒಂದು ನಿಮಿಷ ನಾನೂ ಮಾತಾಡುವುದಿಲ್ಲ. ಆಮೇಲೆ ಹನ್ನೆರಡು ಹೇಳಿಕೆಗಳನ್ನು ಓದಿ ಹೇಳುವುದಲ್ಲ, ಕೇಳುವುದು. ಮಾತಾಡಿದರೆ ರಕ್ತದೊತ್ತಡ ಏರುತ್ತದೆ, ಆದ್ದರಿಂದ ಮಾತು ಮುಗಿದ ಮೇಲೆ ಮತ್ತೆ ಐದು ನಿಮಿಷ ಮೌನ, ಆಮೇಲೆ ಪಟ್ಟಿ. ಒಬ್ಬರಿಗೆ ಕಾಲು ಗಂಟೆ. ಅರವತ್ತೊಂದು ಜನಕ್ಕೆ ಎರಡು ದಿನ ಸಾಲುವುದಿಲ್ಲ ಎಂದು ಲೆಕ್ಕ ಹಾಕಿದರೆ ಯಾರಿಗಾದರೂ ಗೊತ್ತಾಗುತ್ತದೆ. ನಾನು ಲೆಕ್ಕ ಹಾಕದೆ ಶುರು ಮಾಡಿದೆ.

ಮೊದಲು ಬಂದವನು ಹಿಂದಿನ ಬೆಂಚಿನವನು. ಕುರ್ಚಿಯಲ್ಲಿ ಕೂತು ನಗು ತಡೆದುಕೊಳ್ಳುತ್ತಿದ್ದ.

“ಏನಪ್ಪಾ, ಮುಟ್ಟು ಸರಿಯಾಗಿ ಆಗ್ತಿದೆಯಾ?” ಎಂದೆ.

“ಅಯ್ಯೋ ಮೇಡಂ! ಕಾಪಿ ಒಡೀವಾಗ ಯಾರ್ ಮೇಡಂ ಓದ್ತಾರೆ?” ಎಂದು ಮುಖ ಮುಚ್ಚಿಕೊಂಡ. ನಾಲ್ಕನೆಯ ನಿಮಿಷಕ್ಕೆ ಅದೇ ಹುಡುಗ, ಏಳು ತಿಂಗಳಿಂದ ರಾತ್ರಿ ನಿದ್ದೆ ಬರುತ್ತಿಲ್ಲ, ಎದೆ ಡವಡವ ಎನ್ನುತ್ತದೆ, ಯಾರಿಗೂ ಹೇಳಿಲ್ಲ ಎಂದ. ಹೊರಗೆ ಅವನ ಗೆಳೆಯರು ಕೂಗಿ ನಗುತ್ತಿದ್ದರು. ಇವನು ಕಣ್ಣು ಒರೆಸಿಕೊಂಡು, ಐದು ನಿಮಿಷ ಸುಮ್ಮನೆ ಕೂತು, ಹೊರಗೆ ಹೋಗುವಾಗ ಅವರಂತೆಯೇ ಕೂಗಿಕೊಂಡು ಹೋದ.

ಹನ್ನೆರಡಕ್ಕೆ ಕರೆಂಟು ಹೋಯಿತು. ಫ್ಯಾನಿಲ್ಲದ ಆ ಕೋಣೆ ಕಾದು ಯಂತ್ರ ಬರೀ ತಪ್ಪು ಸಂಖ್ಯೆ ತೋರಿಸತೊಡಗಿತು. ಟೆಕ್ನಿಷಿಯನ್ ಅದನ್ನು ಒದ್ದೆ ಟವೆಲಿನ ಪಕ್ಕದಲ್ಲಿಟ್ಟು ತಣಿಸಿ, ಅದರ ಪರೀಕ್ಷಾ ದ್ರವ ಹಾಕಿ ಸರಿ ನೋಡಿ, ಮತ್ತೆ ಹಚ್ಚಿದರು. ಊಟದ ಹೊತ್ತಿಗೆ ಹದಿಮೂರು ಮಾತ್ರ ಆಗಿದ್ದವು.

“ಓಗ್ಲಿ ಬುಡಿ ಮೇಡಂ, ಆದಷ್ಟು ಮಾಡವ. ಮೂವತ್ತು ನಿಜ ಅರವತ್ತು ಸುಳ್ಳಿಗಿಂತ ದೊಡ್ಡದು ಕನಿ,” ಎಂದರು ಅವರು, ಬುತ್ತಿಯ ಮುದ್ದೆ ಮುರಿಯುತ್ತಾ.

ಮಧ್ಯಾಹ್ನದಿಂದ ಒಂದು ಬದಲಾವಣೆ. ಮಕ್ಕಳು ಕರೆಯದೆ ಬರತೊಡಗಿದರು. ಒಳಗೆ ಹೋದವರು ಹೊರಗೆ ಬಂದು ಏನು ಹೇಳಿದರೋ ತಿಳಿಯದು, ಪರದೆಯ ಆಚೆ ಸಾಲು ಬೆಳೆಯಿತು. ಮೂಗೂರಿನ ಕಡೆಯವರು, ಹೆಡತಲೆಯ ಕಡೆಯವರು, ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಕೂತರು. ಬುಧವಾರ ಸಂಜೆ ಐದೂವರೆಗೆ ಐವತ್ತೆರಡು ಆಗಿತ್ತು. ಐವತ್ತೆರಡು ಫಾರಂ, ಐವತ್ತೆರಡು ಬೇರೆಬೇರೆ ಮನುಷ್ಯರು. ಎಲ್ಲರಿಗೂ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಗಟ್ಟಿಮುಟ್ಟಾಗಿದ್ದವರು, ನಿಜಕ್ಕೂ ಸಂತೋಷವಾಗಿದ್ದವರು ಬೇಕಾದಷ್ಟು ಜನ ಇದ್ದರು. ಆದರೆ ನರ್ಸು ಬೇಕೇ ಬೇಡವೇ ಎಂದು ಇನ್ನು ಯಾರೂ ಕೇಳುವಂತಿರಲಿಲ್ಲ.

ಗುರುವಾರ ಹನ್ನೊಂದಕ್ಕೆ ಸಂಯೋಜಕರು ಕಾರಿನಲ್ಲಿ ಬಂದರು. ಪ್ರಾಂಶುಪಾಲರ ಮೇಜಿನ ಮೇಲೆ ಎರಡು ಕಟ್ಟು ಇಟ್ಟಿದ್ದೆ.

“ಮೊದಲನೇದಕ್ಕೆ ಕಾಲೇಜಿನ ಸಹಿ, ಮೊಹರು ಎಲ್ಲ ಇದೆ,” ಎಂದರು ಸಂಯೋಜಕರು. “ಎರಡನೇದರಲ್ಲಿ ಹೆಸರೂ ಇಲ್ಲ, ಸಹಿಯೂ ಇಲ್ಲ. ಮೊದಲನೇದು ಸುಳ್ಳು ಅಂತ ಹೇಳ್ತಿರೋರು ನೀವೊಬ್ಬರೇ ಮೇಡಂ. ನಾಳೆ ಟ್ರಸ್ಟಿನವರು ಕೇಳಿದ್ರೆ ನಾನೇನು ತೋರಿಸ್ಲಿ? ಮಕ್ಕಳಲ್ಲಿ ಒಬ್ಬರಾದ್ರೂ ಬರೆದುಕೊಡ್ಲಿ, ಎರಡನೇದನ್ನೇ ತಗೊಳ್ತೀನಿ.”

“ಯಾರೂ ಬರೆದುಕೊಡೋದು ಬೇಡ. ಹೆಸರು ಬರೆಸೋದಿಲ್ಲ ಅಂತ ಮಾತು ಕೊಟ್ಟಿದ್ದೀನಿ,” ಎಂದೆ. ಹಾಗೆ ಹೇಳುವಾಗ ಸೋತೆ ಎಂದೇ ನನಗನ್ನಿಸಿತ್ತು. ಧ್ವನಿ ಮಾತ್ರ ಇಳಿಸಲಿಲ್ಲ.

ಬಾಗಿಲ ಬಳಿ ಯಾರೋ ಕೆಮ್ಮಿದರು. ಆ ಹುಡುಗಿ ನಿಂತಿದ್ದಳು, ಹಿಂದೆ ಅವಳ ಅಪ್ಪ. ಮೈಸೂರಿನ ಆಸ್ಪತ್ರೆಯಿಂದ ಬೆಳಿಗ್ಗೆ ಬಿಟ್ಟಿದ್ದರಂತೆ. ರಜೆ ಚೀಟಿ ಕೊಡಲು ಬಂದವರು ಹೊರಗೆ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಅವಳ ಮೊಣಕೈ ಮಡಿಕೆಯಲ್ಲಿ ಇನ್ನೂ ಹತ್ತಿ ಅಂಟಿತ್ತು.

“ನಾನ್ ಬರ್ದ್‌ಕೊಡ್ತೀನಿ ಸಾರ್,” ಎಂದಳು. “ಆ ಅರವತ್ತೊಂದನ್ನೂ ಬರ್ಸಿದ್ದು ನಾನೇ.”

“ನೀನು ಬರೀಬೇಕಾಗಿಲ್ಲ,” ಎಂದೆ ನಾನು.

“ಇಲ್ಲ ಮೇಡಂ, ಬರೀತೀನಿ.”

ಪ್ರಾಂಶುಪಾಲರು ಎದ್ದು ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಯೋಚನೆ ಮಾಡಮ್ಮ. ಇದು ಹತ್ತು ಜನರ ಕೈಗೆ ಹೋಗೋ ಕಾಗದ. ಊರಲ್ಲಿ ಮಾತಾಗುತ್ತೆ. ನಾಳೆ ನಿನ್ನ ನೋಡೋಕೆ ಗಂಡಿನ ಕಡೆಯವರು ಬಂದಾಗ...”

ಅಪ್ಪ ಅಲ್ಲಿಯವರೆಗೂ ಚಪ್ಪಲಿ ಹೊರಗೆ ಬಿಟ್ಟು ಹೊಸಿಲ ಮೇಲೆ ನಿಂತಿದ್ದರು. ಈಗ ಒಂದು ಹೆಜ್ಜೆ ಒಳಗಿಟ್ಟರು.

“ಸಾ, ಇನ್ನೆಲ್ಡ್ ತಿಂಗ್ಳು ಇಂಗೇ ಬುಟ್ಟಿದ್ರೆ ಗುಂಡ್ಗೆನೇ ನಿಂತೋಗದು ಅಂದ್ರು ಡಾಕ್ಟ್ರು. ಎಣ ನೋಡಕ್ಕೆ ಯಾವ್ ಗಂಡ್ ಬತ್ತಿದ್ದ ಸಾ?”

ಅವರು ಮಗಳ ಕಡೆ ತಿರುಗಿ, “ಬರಿ ಮಗ. ಇನಿಸಿಯಲ್ಲು, ಊರು ಎಲ್ಲಾನೂವೆ ಬರಿ,” ಎಂದರು.

ಸಂಯೋಜಕರು ತಮ್ಮ ಪೆನ್ನು ಕೊಟ್ಟರು. ಅವಳು ಮೇಜಿನ ಅಂಚಿಗೆ ಕೈ ಊರಿ, ನಿಂತುಕೊಂಡೇ ಬರೆದಳು. ನಾಲ್ಕು ಸಾಲು. ಹೊಡೆದುಹಾಕಿದ್ದು ಒಂದೂ ಇರಲಿಲ್ಲ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿ, ಕಾಗದವನ್ನು ನನ್ನ ಐವತ್ತೆರಡು ಫಾರಂಗಳ ಮೇಲಿಟ್ಟಳು.